ಬೆಕ್ಕಿನ ನರಕೋಶದಲ್ಲಿ ಕಂಡ ಚುಕ್ಕೆ: ಮರ್ರೆ ಬಾರ್ ಅವರ ಕಥೆ

ಸೂಕ್ಷ್ಮದರ್ಶಕದಡಿ ಜೀವಕೋಶವೊಂದನ್ನು ನೋಡಿ ಅದು ಹೆಣ್ಣಿನದೋ ಗಂಡಿನದೋ ಎಂದು ಹೇಳಬಹುದೇ? ಬಹುಪಾಲು ಸಂದರ್ಭಗಳಲ್ಲಿ ಹೌದು, ಎಲ್ಲ ಸಂದರ್ಭಗಳಲ್ಲೂ ಅಲ್ಲ. ಇದಕ್ಕೆ ದಾರಿ ತೋರಿಸಿದ ಕೆನಡಾದ ಮರ್ರೆ ಬಾರ್ ಅಸಲಿಗೆ ಹುಡುಕುತ್ತಿದ್ದದ್ದೇ ಬೇರೆ.

ಬಾರ್ ಹುಟ್ಟಿದ್ದು 1908ರಲ್ಲಿ, ಒಂಟಾರಿಯೋ ಪ್ರಾಂತ್ಯದ ಬೆಲ್ಮಾಂಟ್‌ನಲ್ಲಿ. ವೈದ್ಯಕೀಯ ಓದಿದ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾ ವಾಯುಪಡೆಯಲ್ಲಿ ವೈದ್ಯರಾಗಿದ್ದರು. ಯುದ್ಧದ ನಂತರ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ, ನರಕೋಶಗಳು ದಣಿದಾಗ ಅವುಗಳೊಳಗೆ ಏನು ಬದಲಾಗುತ್ತದೆ ಎಂದು ತಿಳಿಯಲು ಹೊರಟರು. ವಿದ್ಯಾರ್ಥಿ ಇವರ್ಟ್ ಬರ್ಟ್ರಮ್ ಜೊತೆ ಬೆಕ್ಕುಗಳ ನರಕೋಶಗಳನ್ನು ನೋಡುವಾಗ, ಕೆಲವು ಬೆಕ್ಕುಗಳ ಕೋಶಕೇಂದ್ರದಲ್ಲಿ ಗಾಢವಾದ ಚುಕ್ಕೆಯೊಂದು ಕಂಡಿತು. ಉಳಿದವುಗಳಲ್ಲಿ ಇರಲಿಲ್ಲ. ದಾಖಲೆ ತೆಗೆದು ನೋಡಿದರೆ, ಚುಕ್ಕೆ ಇದ್ದದ್ದು ಹೆಣ್ಣು ಬೆಕ್ಕುಗಳಲ್ಲಿ! 1949ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚುಕ್ಕೆಗೆ ಮುಂದೆ ‘ಬಾರ್ ಬಾಡಿ’ ಎಂಬ ಹೆಸರು ಬಂತು.

1955ರ ಹೊತ್ತಿಗೆ ಬಾರ್ ಮತ್ತು ಕೀತ್ ಮೂರ್ ಇದನ್ನು ಮನುಷ್ಯರಲ್ಲಿ ಸುಲಭವಾಗಿ ನೋಡುವ ವಿಧಾನ ರೂಪಿಸಿದರು. ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಸಿಕ್ಕ ಕೋಶಗಳಿಗೆ ಬಣ್ಣ ಹಾಕಿ ನೋಡಿದರೆ ಸಾಕು.

ಈ ಚುಕ್ಕೆ ಏನು? ಸಾಮಾನ್ಯವಾಗಿ ಹೆಣ್ಣಿನ ಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮುಗಳಿರುತ್ತವೆ. ಅವುಗಳಲ್ಲಿ ಒಂದು ಕೆಲಸ ನಿಲ್ಲಿಸಿ ಮುದುಡಿಕೊಳ್ಳುತ್ತದೆ ಎಂದು 1961ರಲ್ಲಿ ಮೇರಿ ಲಯನ್ ವಿವರಿಸಿದರು. ಹಾಗೆ ಮುದುಡಿದ ಎಕ್ಸ್ ನಮಗೆ ಚುಕ್ಕೆಯಾಗಿ ಕಾಣುತ್ತದೆ.

ಅಂದರೆ ಚುಕ್ಕೆ ಹೇಳುವುದು ಎಕ್ಸ್‌ಗಳ ಲೆಕ್ಕವನ್ನು ಮಾತ್ರ. ಎಕ್ಸ್‌ಎಕ್ಸ್‌ವೈ ಇರುವ ಗಂಡಸರಲ್ಲಿ ಚುಕ್ಕೆ ಇರುತ್ತದೆ. ಒಂದೇ ಎಕ್ಸ್ ಇರುವ ಹೆಂಗಸರಲ್ಲಿ ಇರುವುದಿಲ್ಲ.

ಆದರೂ 1968ರ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕ್ರೀಡಾಪಟುಗಳಿಗೆ ಇದೇ ಪರೀಕ್ಷೆ ಬಂತು. 1985ರಲ್ಲಿ ಜಪಾನಿನ ಕೋಬೆಯಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಪಟಿನ್ಯೊ ಇದರಲ್ಲಿ ಅನುತ್ತೀರ್ಣರಾದರು. ಅವರದು ಎಕ್ಸ್‌ವೈ; ಆದರೆ ಅವರ ದೇಹ ಟೆಸ್ಟೋಸ್ಟಿರೋನ್‌ಗೆ ಸ್ಪಂದಿಸುತ್ತಿರಲಿಲ್ಲ, ಹುಟ್ಟಿನಿಂದಲೂ ಹೆಣ್ಣಾಗಿಯೇ ಬೆಳೆದಿದ್ದರು. ವಿದ್ಯಾರ್ಥಿವೇತನ, ದಾಖಲೆಗಳು ಎಲ್ಲವೂ ಕೈತಪ್ಪಿದವು. ಹೋರಾಡಿ 1988ರಲ್ಲಿ ಮತ್ತೆ ಓಡುವ ಹಕ್ಕು ಪಡೆದರು.

ಬಾರ್ 1995ರಲ್ಲಿ ತೀರಿಕೊಂಡರು. ಕ್ರೋಮೋಸೋಮುಗಳ ಏರುಪೇರಿನಿಂದ ಬರುವ ತೊಂದರೆಗಳನ್ನು ಗುರುತಿಸಲು ಅವರ ಚುಕ್ಕೆ ವೈದ್ಯರಿಗೆ ಬಹಳ ನೆರವಾಯಿತು. ಆದರೆ ಒಬ್ಬ ವ್ಯಕ್ತಿ ಹೆಣ್ಣೋ ಗಂಡೋ ಎಂದು ತೀರ್ಪು ಕೊಡಲು ಅದೊಂದೇ ಸಾಲದು.