ನಂಜನಗೂಡಿನ ತಿರುಮಲಾಂಬಾ

ಕನಕಪುರದಿಂದ ಹೊರಟು ದೊಡ್ಡಆಲಹಳ್ಳಿಯನ್ನು ಹಾದು ಮುಂದೆ ಸಾಗಿದರೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ ಸಿಗುತ್ತದೆ. ಅಲ್ಲಿ ನಿಂತು ನೋಡುವವರ ಕಣ್ಣಿಗೆ ಬೀಳುವುದು ಎರಡೇ ಹೊಳೆ. ಆದರೆ ಆ ಕಾವೇರಿಯೊಳಗೆ ಕಪಿಲೆಯೂ ಇದ್ದಾಳೆ. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಹರಿದು, ತಿರುಮಕೂಡಲಿನಲ್ಲಿ ತನ್ನ ಹೆಸರನ್ನು ಬಿಟ್ಟುಕೊಟ್ಟು, ತಲಕಾಡು ಶಿವನಸಮುದ್ರಗಳನ್ನು ದಾಟಿ ಬಂದ ನೀರು ಅದು. ಹೆಸರು ಕಾವೇರಿಯದಾದರೂ ನೀರು ಉಳಿದಿದೆ, ದಡದವರಿಗೆ ಒದಗಿದೆ. ಆ ಸಂಗಮವನ್ನು ಕಂಡಾಗಲೆಲ್ಲ ಕಪಿಲೆಯ ದಡದಲ್ಲಿ ಹುಟ್ಟಿ ಬೆಳೆದು, ತನ್ನ ದುಃಖವನ್ನು ತನ್ನದಾಗಿಯೇ ಇರಿಸಿಕೊಂಡು, ಅದರಿಂದ ಹುಟ್ಟಿದ ಕರುಣೆಯನ್ನು ಮಾತ್ರ ನಾಡಿನ ಹೆಣ್ಣುಮಕ್ಕಳಿಗೆ ಹಂಚಿದ ಒಬ್ಬ ತಾಯಿಯ ನೆನಪಾಗುತ್ತದೆ. ಆಕೆಯೇ ನಂಜನಗೂಡು ತಿರುಮಲಾಂಬಾ.

ಆಕೆ ಹುಟ್ಟಿದ್ದು 1887ರಲ್ಲಿ, ಶ್ರೀವೈಷ್ಣವ ಬ್ರಾಹ್ಮಣ ಮನೆತನವೊಂದರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು, ವಿದ್ಯಾಪಕ್ಷಪಾತಿಗಳು. ಆದರೆ ಎಂತಹ ವಿದ್ಯಾವಂತನಿಗೂ ಅಂದಿನ ಕಟ್ಟಳೆಯನ್ನು ಮೀರುವುದು ಸುಲಭವಾಗಿರಲಿಲ್ಲ. ಮಗಳಿಗೆ ಹತ್ತು ತುಂಬುವ ಹೊತ್ತಿಗೆ ವಿವಾಹವಾಯಿತು. ಮೈಸೂರು ಸಂಸ್ಥಾನವು 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಶಾಸನವನ್ನು ತಂದಿತ್ತು, ನಿಜ. ಆದರೆ ಆ ಶಾಸನ ಮುಖ್ಯವಾಗಿ ನಿಷೇಧಿಸಿದ್ದು ಎಂಟು ವರ್ಷಕ್ಕೆ ಕೆಳಗಿನ ಹುಡುಗಿಯರ ಮದುವೆಯನ್ನು. ಹತ್ತು ವರ್ಷದ ಬಾಲೆಗೆ ಸಾಮಾನ್ಯವಾಗಿ ಅದರ ರಕ್ಷೆ ಇರಲಿಲ್ಲ. ಅವು ಪ್ಲೇಗಿನ ಮಾರಿಯು ಊರೂರುಗಳನ್ನು ಬರಿದುಮಾಡುತ್ತಿದ್ದ ವರ್ಷಗಳು. ಹದಿನಾಲ್ಕನೆಯ ವಯಸ್ಸಿನಲ್ಲಿ ತಿರುಮಲಾಂಬಾ ವಿಧವೆಯಾದರು.

ಅಂದಿನ ಬಾಲವಿಧವೆಯ ಬಾಳನ್ನು ಇಂದಿನ ವಾಚಕರಿಗೆ ವಿವರಿಸಿ ಹೇಳಬೇಕಾದೀತು. ಹಬ್ಬಹುಣ್ಣಿಮೆಗಳಲ್ಲಿ ಆಕೆಗೆ ಸ್ಥಾನವಿಲ್ಲ. ಶುಭಕಾರ್ಯಕ್ಕೆ ಹೊರಟವರ ಎದುರಿಗೆ ಬಂದರೆ ಅಪಶಕುನ. ಹೂವಿಲ್ಲ, ಬಳೆಯಿಲ್ಲ, ನಗೆಯಿಲ್ಲ. ಹಿತ್ತಲಿಗೂ ಅಡಿಗೆಮನೆಗೂ ನಡುವೆ ಆಕೆಯ ಲೋಕ ಮುಗಿಯುತ್ತಿತ್ತು. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಸಂಸಾರದಿಂದ ಹೊರಗಾದ ಈ ಮಕ್ಕಳಿಗೆ ತಮಗಾದ ನಷ್ಟವೇನೆಂಬುದೂ ಅರಿವಾಗುತ್ತಿರಲಿಲ್ಲ; ಅದಕ್ಕೆ ತೆರಬೇಕಾದ ಶಿಕ್ಷೆ ಮಾತ್ರ ಬಾಳಿನುದ್ದಕ್ಕೂ ಇರುತ್ತಿತ್ತು.

ಇಲ್ಲಿ ತಂದೆಯ ಅಂತಃಕರಣ ಮಗಳ ಕೈಹಿಡಿಯಿತು. ಅವರು ಮಗಳ ಮುಂದೆ ಗ್ರಂಥಗಳನ್ನು ತಂದಿರಿಸಿದರು. ಕನ್ನಡದ ಕಾವ್ಯಪುರಾಣಗಳೊಡನೆ ತೆಲುಗು ತಮಿಳುಗಳ ಪರಿಚಯವೂ ಮನೆಯಲ್ಲಿಯೇ ಆಯಿತು. ಮೊದಮೊದಲು ಹೊತ್ತು ಕಳೆಯಲು ಬಂದ ಪುಸ್ತಕ ಕ್ರಮೇಣ ಒಡನಾಡಿಯಾಯಿತು. ಓದಿದ್ದನ್ನು ನೆರೆಹೊರೆಯ ಹೆಣ್ಣುಮಕ್ಕಳಿಗೆ ಹೇಳತೊಡಗಿದರು. ಅಕ್ಷರ ಬಾರದವರಿಗೆ ಮನೆಯಲ್ಲಿಯೇ ಅಕ್ಷರ ಕಲಿಸಿದರು. ತನ್ನಂತೆಯೇ ನೊಂದವರು, ತನಗಿಂತ ಹೆಚ್ಚು ನೊಂದವರು ನಾಡಿನ ಮನೆಮನೆಗಳಲ್ಲಿ ಇದ್ದಾರೆ. ಅವರಲ್ಲಿ ಬಹುಮಂದಿಗೆ ತನ್ನ ತಂದೆಯಂತಹ ತಂದೆಯಿಲ್ಲ. ಮನೆಯಿಂದ ಹೊರಗೆ ಬರಲಾರದವರ ಬಳಿಗೆ ಮನೆಯೊಳಗೇ ಹೋಗಬಲ್ಲದ್ದು ಪುಸ್ತಕವೊಂದೇ.

1913ರಲ್ಲಿ ಅವರು ಸತೀಹಿತೈಷಿಣಿ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಮೊದಲ ಕುಸುಮವಾಗಿ ಹೊರಬಂದದ್ದು ಅವರದೇ ಕಾದಂಬರಿ ಸುಶೀಲೆ. ಅದೇ ವರ್ಷ ಬೆಂಗಳೂರಿನಲ್ಲಿ ಮತ್ತೊಬ್ಬ ಬಾಲವಿಧವೆ, ಆರ್. ಕಲ್ಯಾಣಮ್ಮನವರು, ಶಾರದಾ ಸ್ತ್ರೀಸಮಾಜವನ್ನು ಕಟ್ಟಿದರು. ಒಬ್ಬರು ಸಮಾಜದ ಮೂಲಕ, ಒಬ್ಬರು ಗ್ರಂಥದ ಮೂಲಕ ಹಿಡಿದ ಕೆಲಸ ಒಂದೇ.

ವಿಧವೆಯ ಗೋಳು ಅದಕ್ಕೂ ಮೊದಲು ಕನ್ನಡಕ್ಕೆ ಬಂದಿತ್ತು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ತಮ್ಮ ಇಂದಿರಾಬಾಯಿ ಕಾದಂಬರಿಯಲ್ಲಿ ತರುಣ ವಿಧವೆಯೊಬ್ಬಳ ಕಥೆಯನ್ನು ಹೇಳಿ, ಆಕೆಯ ಪುನರ್ವಿವಾಹದವರೆಗೆ ಅದನ್ನು ನಡೆಸಿದ್ದರು. ಆದರೆ ಅದು ಸಹೃದಯನಾದ ಪುರುಷನು ಹೊರಗಿನಿಂದ ಕಂಡ ಕಥೆ. ತಿರುಮಲಾಂಬಾ ಒಳಗಿನಿಂದ ಬರೆದರು. ಆಶ್ಚರ್ಯವೆಂದರೆ, ಹಾಗೆ ಬರೆದಾಗ ಅವರು ತಮ್ಮ ಕಥೆಯನ್ನೇ ಬರೆಯಲಿಲ್ಲ. ತನ್ನ ಕಣ್ಣೀರನ್ನು ಓದುಗರ ಮುಂದಿಟ್ಟು ಅನುಕಂಪ ಬೇಡಲಿಲ್ಲ. ಸುಶೀಲೆಯ ಬೆನ್ನಿಗೆ ನಭಾ, ವಿರಾಗಿಣಿ, ದಕ್ಷಕನ್ಯೆ, ಮಾತೃನಂದಿನಿ ಮೊದಲಾದ ಕೃತಿಗಳು ಬಂದವು. ವಿದ್ಯೆ, ಧೈರ್ಯ, ಸೇವೆ ಇವುಗಳಿಂದ ಹೆಣ್ಣು ತಲೆಯೆತ್ತಿ ಬಾಳಬಲ್ಲಳೆಂಬುದೇ ಅವರ ಬರವಣಿಗೆಯ ಒಟ್ಟು ಆಶಯ.

ಪುಸ್ತಕಗಳಷ್ಟೇ ಸಾಲವೆಂದು ಅವರು ಸ್ತ್ರೀಯರಿಗಾಗಿ ಕರ್ನಾಟಕ ನಂದಿನಿ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಆಮೇಲೆ ಸನ್ಮಾರ್ಗದರ್ಶಿನಿಯನ್ನು ನಡೆಸಿದರು. ಬರೆಯುವುದು, ಅಚ್ಚಿನ ಕರಡು ತಿದ್ದುವುದು, ಚಂದಾದಾರರನ್ನು ಕೂಡಿಸುವುದು, ಅಂಚೆಗೆ ಹಾಕಿಸುವುದು, ಇವೆಲ್ಲ ಗಂಡಸರಿಗೇ ಕಷ್ಟವೆನಿಸಿದ್ದ ಕಾಲ ಅದು. ಶಾಲೆ ಕಾಲೇಜುಗಳ ಬೆಂಬಲವಿಲ್ಲದ ಒಬ್ಬ ವಿಧವೆ ಈ ಭಾರವನ್ನು ಹೊತ್ತರು. ಹೊಸಗನ್ನಡದ ಮೊದಲ ಲೇಖಕಿ, ಪ್ರಕಾಶಕಿ, ಪತ್ರಕರ್ತೆ ಎಂದು ಅವರನ್ನು ಕರೆಯುವುದು ಈ ಕಾರಣದಿಂದ.

ಅವರ ಬರಹಕ್ಕೆ ಮಿತಿಗಳಿಲ್ಲದಿಲ್ಲ. ಗ್ರಂಥಮಾಲೆಯ ಹೆಸರೇ ಸೂಚಿಸುವಂತೆ, ಪಾತಿವ್ರತ್ಯದ ಹಳೆಯ ಆದರ್ಶವನ್ನು ಅವರು ಬಿಟ್ಟುಕೊಡಲಿಲ್ಲ. ಹೆಣ್ಣಿಗೆ ವಿದ್ಯೆ ಬೇಕೆಂದವರು ಮನೆಯ ಮರ್ಯಾದೆಯನ್ನು ಒಡೆಯಬೇಕೆನ್ನಲಿಲ್ಲ. ಇಂದು ಓದುವವರಿಗೆ ಇದು ಅರೆಮನಸ್ಸಿನ ಮಾತೆನಿಸಬಹುದು. ಆದರೆ ಆ ಪುಸ್ತಕ ಯಾರ ಕೈ ಸೇರಬೇಕಿತ್ತೆಂಬುದನ್ನು ನೆನೆಯಬೇಕು. ಹೊಸಿಲಿನಾಚೆಗೆ ಕಾಲಿಡಲಾಗದ ಹುಡುಗಿಗೆ ಅದು ತಲಪಬೇಕಾದರೆ ಮೊದಲು ಆಕೆಯ ಅತ್ತೆಮಾವಂದಿರ, ತಂದೆತಾಯಿಗಳ ಕಣ್ಣು ದಾಟಬೇಕು. ಹೊಸಿಲಲ್ಲೇ ತಡೆಹಿಡಿದ ಗ್ರಂಥದಿಂದ ಯಾರಿಗೆ ಏನು ಪ್ರಯೋಜನ? ಒಪ್ಪಿತವಾದ ಮಾತಿನ ಮಡಿಲಲ್ಲಿ ಒಪ್ಪಿತವಲ್ಲದ ಅಕ್ಷರಜ್ಞಾನವು ಒಳಮನೆಗೆ ಹೋಯಿತು. ಇದು ಅವರ ಉಪಾಯವೋ ನಂಬಿಕೆಯೋ ಎಂದು ಇಂದು ಬೇರ್ಪಡಿಸಿ ಹೇಳುವುದು ಕಷ್ಟ. ಬಹುಶಃ ಎರಡೂ ಇದ್ದೀತು.

ಹೊಸ ಸಾಹಿತ್ಯದ ಅಬ್ಬರದಲ್ಲಿ ನಾಡು ಅವರನ್ನು ಬಹುಕಾಲ ಮರೆಯಿತು. ಬಾಳಿನ ಕೊನೆಯ ಕಾಲವನ್ನು ಅವರು ಮದರಾಸಿನಲ್ಲಿ ಕಳೆದರು. 1982ರಲ್ಲಿ, ತೊಂಬತ್ತೈದರ ಇಳಿವಯಸ್ಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಕನ್ನಡದಲ್ಲಿ ಲೇಖಕಿಯರ ದೊಡ್ಡ ಬಳಗವೇ ಬೆಳೆದಿತ್ತು. ಅವರಲ್ಲಿ ಕೆಲವರು ತಮ್ಮ ಹಿರಿಯಕ್ಕನನ್ನು ಹುಡುಕಿ ಗುರುತಿಸಿದರು. ಬೆಂಗಳೂರಿನ ಶಾಶ್ವತಿ ಸಂಸ್ಥೆ ಲೇಖಕಿಯರಿಗಾಗಿ ಸ್ಥಾಪಿಸಿದ ಪ್ರಶಸ್ತಿಗೆ ತಿರುಮಲಾಂಬಾ ಅವರ ಹೆಸರನ್ನೇ ಇಟ್ಟಿತು.

ಹದಿನಾಲ್ಕರಲ್ಲಿ ಬಂದ ದುಃಖ ತೊಂಬತ್ತೈದರವರೆಗೂ ಅವರನ್ನು ಬಿಟ್ಟುಹೋಗಲಿಲ್ಲ. ಬಿಟ್ಟುಹೋದೀತೆಂದು ಅವರು ಯಾರಿಗೂ ಸುಳ್ಳು ಭರವಸೆ ಕೊಡಲೂ ಇಲ್ಲ. ದುಃಖದ ಜೊತೆಯಲ್ಲಿಯೇ ಓದಬಹುದು, ಕಲಿಸಬಹುದು, ನಾಲ್ಕು ಜನಕ್ಕೆ ಬೇಕಾದವಳಾಗಿ ಬಾಳಬಹುದು ಎಂಬುದನ್ನು ತೋರಿಸಿಕೊಟ್ಟರು. ಅಡಿಗೆಮನೆಯ ಮಬ್ಬು ಬೆಳಕಿನಲ್ಲಿ ಅಕ್ಷರ ಕೂಡಿಸಿಕೊಂಡು ಸುಶೀಲೆಯನ್ನು ಓದಿದ ಆ ಮೊದಲ ಓದುಗರ ಹೆಸರುಗಳು ಇಂದು ಯಾವ ದಾಖಲೆಯಲ್ಲಿಯೂ ಸಿಗಲಾರವು. ಆದರೆ ಅವರ ಹೆಣ್ಣುಮಕ್ಕಳು ಶಾಲೆಗೆ ಹೋದರು. ಮೊಮ್ಮಕ್ಕಳು ಕಾಲೇಜಿಗೆ ಹೋದರು.