ಸಿಂಹಾಸನ ಹೋಯ್ತು, ಗುಡ್ಡ ಉಳೀತು: ಸಂಡೂರಿನ ರಾಜ ಗಣಿ ಕಂಪನಿ ಕಟ್ಟಿದ ಕತೆ

ದುಡ್ಡು ಮಾಡಿದವರ ಬಗ್ಗೆ ಬರೋ ಸಿನಿಮಾಗಳಿಗೆ ಒಂದು ಸಿದ್ಧಸೂತ್ರ ಇದೆ. ಹುಡುಗ ಬರಿಗೈಲಿ ಊರು ಬಿಡ್ತಾನೆ, ಅವಮಾನ ನುಂಗ್ತಾನೆ, ದೊಡ್ಡವರನ್ನ ಎದುರು ಹಾಕಿಕೊಳ್ತಾನೆ, ಕೊನೆಗೆ ಗೆಲ್ತಾನೆ. 2007ರ ‘ಗುರು’ ಇದೇ. ನಮ್ಮ ಕ್ಯಾಪ್ಟನ್ ಗೋಪಿನಾಥ್ ಬದುಕಿನಿಂದ ಎಳೆ ತೆಗೆದುಕೊಂಡ 2020ರ ‘ಸೂರರೈ ಪೋಟ್ರು’ ಕೂಡ ಇದೇ. 2018ರ ‘ಕೆಜಿಎಫ್’ಗೆ ಬಂದೂಕು ಸೇರಿತು, ಅಷ್ಟೇ ವ್ಯತ್ಯಾಸ. 2010ರ ‘ಪೃಥ್ವಿ’ಯಲ್ಲಿ ಪುನೀತ್ ಬಳ್ಳಾರಿಯ ಡಿಸಿ. ಅಲ್ಲಿ ಗಣಿ ಧಣಿಗಳೇ ವಿಲನ್.

ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ಏನು ಕೊಡುತ್ತೆ ಅನ್ನೋದಕ್ಕಿಂತ ಮೊದಲು ಅದಕ್ಕೆ ಏನು ಹಾಕಿದ್ದಾರೆ ಅಂತ ನೋಡೋದು ಅಭ್ಯಾಸ. ಹಾಗಾಗಿ ಈ ಸಿನಿಮಾಗಳನ್ನ ನೋಡಿದಾಗೆಲ್ಲ ಕೇಳಬೇಕು ಅನ್ಸುತ್ತೆ: ಮೊದಲ ಬಂಡವಾಳ ಎಲ್ಲಿಂದ ಬಂತು? ನೆಲ ಯಾರದ್ದು? ಸಹಿ ಹಾಕಿದವರು ಯಾರು? ಈ ಮೂರೂ ಪ್ರಶ್ನೆಗೆ ಉತ್ತರ ಸಿಗುವ ಒಂದು ಬದುಕು ಹೊಸಪೇಟೆಯಿಂದ ಹೆಚ್ಚು ದೂರವಿಲ್ಲದ ಸಂಡೂರಿನಲ್ಲೇ ಇದೆ. ಅದು ಯಶವಂತರಾವ್ ಹಿಂದೂರಾವ್ ಘೋರ್ಪಡೆ ಅವರದ್ದು.

1908ರಲ್ಲಿ ಹುಟ್ಟಿದ ಅವರು 1928ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಸಂಡೂರು ಸಂಸ್ಥಾನದ ಗಾದಿಗೆ ಬಂದರು. ಮರಾಠ ಘೋರ್ಪಡೆ ಮನೆತನದ ಈ ರಾಜ್ಯದ ವಿಸ್ತಾರ ಸುಮಾರು 160 ಚದರ ಮೈಲಿ. ಸುತ್ತಲೂ ಬ್ರಿಟಿಷರ ಬಳ್ಳಾರಿ ಜಿಲ್ಲೆ, ನಡುವೆ ಗುಡ್ಡ, ಕಾಡು, ಕುಮಾರಸ್ವಾಮಿ ದೇವಸ್ಥಾನ. ಆ ಗುಡ್ಡಗಳ ಹೊಟ್ಟೆಯಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು. ಉಕ್ಕು ಗಟ್ಟಿಯಾಗೋಕೆ, ಅದರ ಗಂಧಕದ ಕಾಟ ತಪ್ಪೋಕೆ ಮ್ಯಾಂಗನೀಸ್ ಬೇಕೇಬೇಕು. ಇದು ಗೊತ್ತಿದ್ದ ವಿದೇಶಿ ಬಂಡವಾಳದ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಕಳೆದ ಶತಮಾನದ ಮೊದಲ ದಶಕಗಳಲ್ಲೇ ಇಲ್ಲಿ ಅಗೆಯುತ್ತಿತ್ತು.

ಯಶವಂತರಾವ್ ಅವರನ್ನ ಬರೀ ಗಣಿ ಧಣಿ ಅಂತ ಒಂದೇ ಮಾತಲ್ಲಿ ಮುಗಿಸೋಕಾಗಲ್ಲ. 1936ರ ತಿರುವಾಂಕೂರಿನ ಪ್ರಸಿದ್ಧ ಘೋಷಣೆಗೂ ಮೊದಲೇ ಅವರು ಸಂಸ್ಥಾನದ ದೇವಸ್ಥಾನಗಳ ಬಾಗಿಲನ್ನು ದಲಿತರಿಗೆ ತೆರೆಸಿದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದು ಹೋದರು. ಆ ಕಾಲದ ದಕ್ಷಿಣದಲ್ಲಿ ಇದು ಸಣ್ಣ ಕೆಲಸ ಅಲ್ಲ. ಸಿನಿಮಾ ಮಾಡೋರಿದ್ದರೆ ಮಧ್ಯಂತರದ ತನಕ ಇಷ್ಟು ಸಾಕು.

ಅಸಲಿ ಕತೆ ಮಧ್ಯಂತರದ ಆಮೇಲಿನದು. 1949ರಲ್ಲಿ ಸಂಡೂರು ಮದ್ರಾಸ್ ಪ್ರಾಂತ್ಯಕ್ಕೆ ವಿಲೀನ ಆಯ್ತು. 1953ರಲ್ಲಿ ಬಳ್ಳಾರಿ ಜೊತೆ ಮೈಸೂರು ರಾಜ್ಯ ಸೇರಿತು. ಸಿಂಹಾಸನ ಹೋಯ್ತು. ಅವತ್ತು ಎಷ್ಟೋ ಮಾಜಿ ರಾಜರು ರಾಜಧನ ಎಣಿಸುತ್ತಾ, ಅರಮನೆ ಮಾರುತ್ತಾ ಕೂತರು. ಇವರು ಹಾಗೆ ಕೂರಲಿಲ್ಲ. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಕಟ್ಟಿದರು. ಊರವರ ಬಾಯಲ್ಲಿ ಅದು ಸ್ಮಯೋರ್. ಗಣಿ ಗುತ್ತಿಗೆ ಸಿಕ್ಕಿದ್ದು ಸುಮಾರು 29 ಚದರ ಮೈಲಿಗೆ.

ಲೆಕ್ಕ ಹಾಕಿ. 160ರಲ್ಲಿ 29 ಅಂದರೆ ಹತ್ತಿರತ್ತಿರ ಐದರಲ್ಲೊಂದು ಪಾಲು. ರಾಜ್ಯ ಪ್ರಜಾಪ್ರಭುತ್ವಕ್ಕೆ ಹೋದ ಐದೇ ವರ್ಷಕ್ಕೆ ಅದರ ಐದನೇ ಒಂದು ಭಾಗದ ಅದಿರು ಗುತ್ತಿಗೆಯ ರೂಪದಲ್ಲಿ ಅದೇ ಮನೆತನದ ಕಂಪನಿಗೆ ಬಂತು. ಕಾನೂನಿನ ಪ್ರಕಾರವೇ ಬಂತು. ಮುಂದೆ ನವೀಕರಣದ ಹೊತ್ತಿಗೆ ಆ ವಿಸ್ತಾರ ಕಡಿಮೆಯೂ ಆಯ್ತು. ಆದರೆ ಆರಂಭದ ಗೆರೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಅನ್ನೋದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಕಂಪನಿ ಬೆಳೀತು. ದೇವಗಿರಿಯಲ್ಲಿ ಗಣಿ, ಕಾರ್ಮಿಕರ ಕಾಲೊನಿ ಬಂದವು. ಹೊಸಪೇಟೆ ಹತ್ತಿರದ ವ್ಯಾಸನಕೆರೆಯಲ್ಲಿ ಫೆರೋ ಅಲಾಯ್ ಕಾರ್ಖಾನೆ ಬಂತು. ಬರೀ ಅದಿರು ಅಗೆದು ಸಾಗಿಸೋದಲ್ಲ, ಇಲ್ಲೇ ಕರಗಿಸಿ ಲೋಹ ಮಾಡೋದು. ಇಂಜಿನಿಯರ್ ಕಣ್ಣಿಂದ ನೋಡಿದರೆ ಇದು ದೂರದೃಷ್ಟಿ. 2000ದ ದಶಕದಲ್ಲಿ ಚೀನಾದ ಬೇಡಿಕೆ ಏರಿದಾಗ ಗುಡ್ಡಗಳನ್ನೇ ಲಾರಿಗೆ ತುಂಬಿ ಬಂದರಿಗೆ ಕಳಿಸಿದರಲ್ಲ, ಅದಕ್ಕೂ ಇದಕ್ಕೂ ಇರೋ ಫರಕು ದೊಡ್ಡದು.

ಹಾಗಂತ ಕತೆ ಅಲ್ಲಿಗೆ ಸುಖಾಂತ್ಯ ಅಲ್ಲ. 1973ರಲ್ಲಿ ಸಂಡೂರಿನ ಇನಾಂ ಭೂಮಿಯ ರೈತರು ಉಳುವ ನೆಲ ತಮಗೆ ಬೇಕು ಅಂತ ಎದ್ದು ನಿಂತರು. ಸಮಾಜವಾದಿಗಳು ಜೊತೆಗಿದ್ದರು. ಸತ್ಯಾಗ್ರಹ ನಡೀತು, ಜನ ಜೈಲಿಗೆ ಹೋದರು. ಆಗ ಯಶವಂತರಾವ್ ಅವರ ಮಗ ಎಂ. ವೈ. ಘೋರ್ಪಡೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿ. ಮರುವರ್ಷವೇ ಅದೇ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ತಂತು. ದೇವಸ್ಥಾನದ ಬಾಗಿಲು ತೆರೆಸಿದ ಅರಸ ಮನೆತನದ ಎದುರೇ ರೈತರು ಹೊಲಕ್ಕಾಗಿ ಹೋರಾಡಬೇಕಾಯ್ತು. ಈ ಎರಡೂ ಸತ್ಯ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಟ್ಟರೆ ಅದು ಜೀವನಚರಿತ್ರೆ ಅಲ್ಲ, ಜಾಹೀರಾತು.

ಯಶವಂತರಾವ್ 1990ರ ದಶಕದಲ್ಲಿ ತೀರಿಕೊಂಡರು. ಅದರ ಮುಂದಿನ ದಶಕದ ಅಕ್ರಮ ಗಣಿಗಾರಿಕೆ, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿ, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ಹಾಕಿದ ತಡೆ, ಇದ್ಯಾವುದನ್ನೂ ಅವರು ನೋಡಲಿಲ್ಲ. 2021ರಲ್ಲಿ ಹೊಸಪೇಟೆ, ಹಂಪಿ ಹೊಸ ವಿಜಯನಗರ ಜಿಲ್ಲೆಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಯ ಗಡಿ ಬದಲಾಯ್ತು, ಗುತ್ತಿಗೆಯ ಗಡಿಯೇ ಇವತ್ತಿಗೂ ಹೆಚ್ಚು ಮುಖ್ಯ.

ಮುಂದಿನ ಸಲ ಉದ್ಯಮಿಯೊಬ್ಬರ ಬಯೋಪಿಕ್ ಟ್ರೇಲರ್ ಬಂದಾಗ ಶಿಳ್ಳೆ ಹಾಕಿ, ತಪ್ಪೇನಿಲ್ಲ. ಮಹತ್ವಾಕಾಂಕ್ಷೆಗೆ ಗೌರವ ಸಲ್ಲಲೇಬೇಕು, ಯಶವಂತರಾವ್ ಅವರಿಗೂ ಸಲ್ಲಬೇಕು. ಆದರೆ ಆ ಕತೆಯಲ್ಲಿ ಗುತ್ತಿಗೆ ಪತ್ರ, ಉಳುವವನ ಪಹಣಿ, ಗಣಿ ಕೂಲಿಯ ಹಾಜರಿ ಪುಸ್ತಕ ಒಂದು ದೃಶ್ಯದಲ್ಲಾದರೂ ಬರುತ್ತಾ ನೋಡಿ. ಬರದಿದ್ದರೆ, ಟಿಕೆಟ್ ಕೊಂಡವರಾಗಿ ಅದನ್ನ ಕೇಳೋ ಹಕ್ಕು ನಿಮಗಿದೆ.