ಪಂಡಿತಾ ರಮಾಬಾಯಿ: ಸಂದೇಹದಿಂದ ವಿಶ್ವಾಸದೆಡೆಗೆ

ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಹಿರಿಯರಿಂದ ಬಳುವಳಿಯಾಗಿ ಬಂದ ವಿಶ್ವಾಸವನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಹಿರಿಯರ ವಿಶ್ವಾಸವು ನಮ್ಮ ಸ್ವಂತದ್ದಾಗುವುದು ಯಾವಾಗ? ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಹೆಸರು ಬರೆದ ದಿನವೇ? ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರಕೊಟ್ಟ ಪಂಡಿತಾ ರಮಾಬಾಯಿಯವರ ಜೀವನವನ್ನು ಇಲ್ಲಿ ನೆನೆಯಬಯಸುತ್ತೇವೆ. ಅವರು ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ. ಆದರೂ ಪ್ರಭು ಕ್ರಿಸ್ತರನ್ನು ಪ್ರಾಮಾಣಿಕವಾಗಿ ಅರಸಿದ ಅವರಿಂದ ನಾವು ಕಲಿಯಬೇಕಾದುದು ಬಹಳವಿದೆ.

ರಮಾಬಾಯಿ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿದ್ವಾಂಸರ ಆಕ್ಷೇಪಣೆಗೆ ಗುರಿಯಾಗಿ, ಉಡುಪಿಯ ಪಂಡಿತರ ಸಭೆಯಲ್ಲಿ ಶಾಸ್ತ್ರಾಧಾರದಿಂದಲೇ ತಮ್ಮ ನಡತೆಯನ್ನು ಸಮರ್ಥಿಸಿಕೊಂಡ ಧೀರರು. ರಮಾಬಾಯಿ ಆರು ತಿಂಗಳ ಶಿಶುವಾಗಿದ್ದಾಗ ಸಾಲದ ಹೊರೆಯಿಂದ ಮನೆ ಬಿಟ್ಟ ಕುಟುಂಬವು, ಊರೂರು ತಿರುಗಿ ಪುರಾಣ ಓದುತ್ತ ಜೀವಿಸಿತು. ಮಗಳಿಗೆ ಪಾಠ ಹೇಳಿದವರು ತಾಯಿ ಲಕ್ಷ್ಮೀಬಾಯಿ.

1870ರ ದಶಕದಲ್ಲಿ ಕ್ಷಾಮ ಬಂದಿತು. ಬಳ್ಳಾರಿ ಸೀಮೆಯವರಿಗೆ ಆ ಕಾಲದ ಕ್ಷಾಮವೆಂದರೇನೆಂದು ಹೇಳಬೇಕಾಗಿಲ್ಲ; 1876ರಿಂದ 1878ರವರೆಗಿನ ಬರದಲ್ಲಿ ನಮ್ಮ ಜಿಲ್ಲೆ ತತ್ತರಿಸಿಹೋಗಿತ್ತು. ಡೋಂಗ್ರೆ ಕುಟುಂಬವು ಇದ್ದುದನ್ನೆಲ್ಲ ದಾನಮಾಡಿ, ವ್ರತ ಉಪವಾಸಗಳನ್ನು ಕೈಕೊಂಡು ಕಾದುಕೊಂಡಿತು. ತಂದೆ ಕಾಡಿನಲ್ಲಿ ಪ್ರಾಣಬಿಟ್ಟರು. ತಾಯಿ ಕೊನೆಯುಸಿರೆಳೆದದ್ದು ರಾಯಚೂರಿನಲ್ಲಿ. ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ದಾಟಿದರೆ ಸಿಗುವುದು ಅದೇ ರಾಯಚೂರಿನ ಸೀಮೆ. ಸಾಯುತ್ತಿದ್ದ ತಾಯಿಗಾಗಿ ಆ ಹುಡುಗಿ ಒಂದು ತುಂಡು ರೊಟ್ಟಿಯನ್ನು ನಾಚಿಕೆಯಿಂದ ಬೇಡಿ ತಂದಳು. ತಾಯಿಗೆ ಅದನ್ನು ತಿನ್ನುವ ಶಕ್ತಿಯೂ ಉಳಿದಿರಲಿಲ್ಲ. ಮುಂದೆ ಅಕ್ಕನೂ ತೀರಿಕೊಂಡಳು. ಬಾಲ್ಯದ ನಂಬಿಕೆಯೆಲ್ಲ ಆ ದಾರಿಯಲ್ಲೇ ಕುಸಿಯಿತು.

ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ಸೇರಿದ ರಮಾಬಾಯಿಯವರ ವಿದ್ವತ್ತಿಗೆ ಬೆರಗಾದ ಪಂಡಿತರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಬಿರುದು ಬಂದರೂ ಮನಸ್ಸಿನ ಶೂನ್ಯ ತುಂಬಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಜಾತಿಯ ಕಟ್ಟು ಮೀರಿ ಮದುವೆಯಾದರು. ಸಿಲ್ಚಾರಿನ ಅವರ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಸಂತ ಲೂಕರ ಶುಭಸಂದೇಶವು ಅವರ ಕೈಸೇರಿತು. ಎರಡು ವರ್ಷ ತುಂಬುವ ಮೊದಲೇ ಪತಿ ಕಾಲರಾಕ್ಕೆ ತುತ್ತಾದರು. ಮಡಿಲಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದ ಅವರು ವಾಂಟೇಜ್ ಊರಿನ ಆಂಗ್ಲಿಕನ್ ಕನ್ಯಾಸ್ತ್ರೀಯರ ಮಠದಲ್ಲಿ ತಂಗಿದರು. ಸಮಾಜವು ಹೊರದೂಡಿದ ಹೆಂಗಸರಿಗೆ ಆ ಕನ್ಯಾಸ್ತ್ರೀಯರು ಮಾಡುತ್ತಿದ್ದ ಸೇವೆಯನ್ನು ಕಂಡು ಅಚ್ಚರಿಗೊಂಡರು. ಇದಕ್ಕೆ ಪ್ರೇರಣೆಯೇನೆಂದು ಕೇಳಿದಾಗ, ಸಮಾರಿಯದ ಸ್ತ್ರೀಯನ್ನು ಪ್ರಭು ಬಾವಿಯ ಬಳಿ ಮಾತನಾಡಿಸಿದ ಪ್ರಸಂಗವನ್ನು ಅವರಿಗೆ ಓದಿ ತೋರಿಸಲಾಯಿತು. ಆ ವರ್ಷದ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು, ಮುಗಿಯಲಿಲ್ಲ. ದೀಕ್ಷೆಯ ನಂತರವೂ ತ್ರಿತ್ವದ ಬಗೆಗೆ, ಪ್ರಭುವಿನ ದೈವತ್ವದ ಬಗೆಗೆ ಅವರಲ್ಲಿ ಸಂದೇಹಗಳಿದ್ದವು. ಅವುಗಳನ್ನು ಮುಚ್ಚಿಡದೆ ಗುರುಹಿರಿಯರಿಗೆ ಪತ್ರ ಬರೆದು ವಾದಿಸಿದರು. ಅರ್ಥವಾಗದ್ದನ್ನು ಅರ್ಥವಾಯಿತೆಂದು ನಟಿಸಲಿಲ್ಲ. ಪ್ರಾರ್ಥನೆಯನ್ನೂ ಬಿಡಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಹೆಸರುವಾಸಿಯಾದಾಗಲೂ ಒಳಗಿನ ಹುಡುಕಾಟ ನಿಂತಿರಲಿಲ್ಲ.

ದೀಕ್ಷೆಯಾಗಿ ಸುಮಾರು ಎಂಟು ವರ್ಷಗಳ ಬಳಿಕ, ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಓದುತ್ತಿದ್ದಾಗ ಅವರಿಗೆ ಒಂದು ಸತ್ಯ ಹೊಳೆಯಿತು: ತಾನು ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದೇನೆ, ಕ್ರಿಸ್ತರನ್ನು ಇನ್ನೂ ಸಂಧಿಸಿಲ್ಲ. ಪಾಂಡಿತ್ಯದಿಂದಾಗಲಿ ಸತ್ಕಾರ್ಯದಿಂದಾಗಲಿ ಯೋಗ್ಯಳಾಗುವವರೆಗೆ ಕಾಯಬೇಕಾಗಿಲ್ಲ. ಇದ್ದ ಹಾಗೆಯೇ, ಪಾಪಿಯಾಗಿಯೇ ಪ್ರಭುವಿನ ಬಳಿ ಬರಬಹುದೆಂದು ತಿಳಿದು ಶರಣಾದರು. ದೀಕ್ಷಾಸ್ನಾನ ವ್ಯರ್ಥವಾಗಿರಲಿಲ್ಲ. ಬಿತ್ತಿದ ಬೀಜ ಎಂಟು ವರ್ಷ ನೆಲದೊಳಗಿದ್ದು ಮೊಳಕೆಯೊಡೆಯಿತು.

ಫಲವೂ ಬಂದಿತು. 1896ರ ಕ್ಷಾಮದಲ್ಲಿ, ಒಮ್ಮೆ ಹಸಿದು ಅಲೆದಿದ್ದ ಈ ತಾಯಿ ಮಧ್ಯ ಭಾರತಕ್ಕೆ ಧಾವಿಸಿ ಸುಮಾರು 300 ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಸದನ ಎದ್ದಿತು. ರಾಯಚೂರಿನಲ್ಲಿ ಬೇಡಿದ ಆ ಕೈಗಳೇ ಈಗ ನೂರಾರು ಮಂದಿಗೆ ಉಣಬಡಿಸಿದವು. ನೆರೆಯ ಕಲಬುರ್ಗಿಯಲ್ಲಿಯೂ ಅವರೂ ಮಗಳೂ ಸೇರಿ ಶಾಲೆಯೊಂದನ್ನು ನಡೆಸಿದರು. ಓದು ಕಡಮೆಯಾದ ಹೆಂಗಸರಿಗೂ ತಿಳಿಯಲೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಸರಳ ಮರಾಠಿಗೆ ಅನುವಾದಿಸಿದರು. 1921ರಲ್ಲಿ ಮಗಳನ್ನು ಕಳೆದುಕೊಂಡ ದುಃಖದಲ್ಲೂ ಆ ಕಾರ್ಯ ಬಿಡದೆ, 1922ರ ಏಪ್ರಿಲ್ 5ರಂದು ಪ್ರಭುವಿನಲ್ಲಿ ವಿಶ್ರಮಿಸಿದರು.

ಬಳ್ಳಾರಿಯಲ್ಲಾಗಲಿ, ಸಿರುಗುಪ್ಪ ಕುರುಗೋಡುಗಳಲ್ಲಾಗಲಿ, ಇಂದು ನಮ್ಮ ಮಕ್ಕಳು ವಿಶ್ವಾಸದ ಬಗೆಗೆ ಪ್ರಶ್ನೆ ಕೇಳಿದರೆ ನಾವು ಗದರಿಸಿ ಬಾಯಿಮುಚ್ಚಿಸದಿರೋಣ. ಪ್ರಾಮಾಣಿಕ ಸಂದೇಹವು ಪಾಪವಲ್ಲ. ಪ್ರಭುವಿನ ಮನೆಯ ಬಾಗಿಲು ತಟ್ಟುವ ಸದ್ದೂ ಅದೇ ಆಗಿರಬಹುದು. ನೂರು ವರ್ಷದ ಈ ದೇವಾಲಯವನ್ನು ಕಟ್ಟಿದವರು ನಮ್ಮ ಹಿರಿಯರು. ಅದರೊಳಗೆ ಕ್ರಿಸ್ತರನ್ನು ಕಂಡುಕೊಳ್ಳುವ ಕೆಲಸ ಮಾತ್ರ ನಮ್ಮಲ್ಲಿ ಒಬ್ಬೊಬ್ಬರದೂ ಆಗಿದೆ.